ಕಾಟಾದ ಮೇಲೆ ನಿಂತ ಸಮೃದ್ಧಿ

ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಕೆಲವು ಮನೆಗಳಲ್ಲಿ ಮಕ್ಕಳಿಗೆ ಹೊಟ್ಟೆನೋವು ಶುರುವಾಗುತ್ತದೆ. ಭಾನುವಾರ ಇರುವುದಿಲ್ಲ. ದೀಪಾವಳಿ ಸೂಟಿಯಲ್ಲಂತೂ ಅದರ ಹೆಸರೇ ಇಲ್ಲ. ಇದನ್ನು ಕಂಡ ದೊಡ್ಡವರು ಏನನ್ನುತ್ತಾರೆಂದು ನಿಮಗೂ ಗೊತ್ತು. "ಸಾಲಿ ತಪ್ಪಸಾಕ ನಾಟಕ" ಎನ್ನುತ್ತಾರೆ. ಖಾನಾಪುರದ ಗಿರಣಿ ಗೌರೀಶನೂ ಹಾಗೇ ಅಂದಿದ್ದ. ಅಂದದ್ದಕ್ಕೆ ಇವತ್ತಿಗೂ ಹಳಹಳಿಸುತ್ತಾನೆ.

ಗೌರೀಶನದು ಮುಂದೆ ಹಿಟ್ಟಿನ ಗಿರಣಿ, ಹಿಂದೆ ಮನೆ. ಮನೆಯಲ್ಲಿ ಹೆಂಡತಿ ನಾಗರತ್ನಾ, ತಾಯಿ ಅಕ್ಕವ್ವ, ಒಬ್ಬಳೇ ಮಗಳು ಸಮೃದ್ಧಿ. ಅವನೇನು ಕೆಟ್ಟವನಲ್ಲ. ಮಗಳೆಂದರೆ ಜೀವ. ಆದರೆ ಯಾವ ಕಾಯಿಲೆಗೂ ಮದ್ದು ತನ್ನ ತಲೆಯಲ್ಲೇ ಇದೆ ಎಂದು ತಿಳಿದ ಮನುಷ್ಯ. ಅಂಥವರು ನಮ್ಮ ಓಣಿಗಳಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಸಮೃದ್ಧಿ ಮೊದಲಿನಿಂದಲೂ ಅಂಜುಬುರುಕಿ. ತಾಯಿ ಬೆಳಗಾವಿ ಪೇಟೆಗೆ ಹೊರಟರೆ ಸೆರಗು ಹಿಡಿದು ಕೇಳುತ್ತಿದ್ದಳು: "ಯಾವಾಗ ಬರತಿ? ಖರೇ ಬರತಿ? ಬಸ್ಸಿಗೆ ಏನರ ಆದ್ರ?" ಒಂದು ಸಲವಲ್ಲ, ಹತ್ತು ಸಲ. ಮೂರನೇ ಇಯತ್ತೆಯಲ್ಲಿದ್ದಾಗ ಮಳೆಗಾಲದ ಒಂದು ದಿನ ಶಾಲೆಯಲ್ಲಿ ಟೀಚರು ಎದ್ದು ನಿಂತು ಪಾಠ ಓದು ಎಂದರು. ಬಾಯಿ ಒಣಗಿತು. ಅಕ್ಷರ ಕಾಣಲಿಲ್ಲ. ಮಕ್ಕಳು ನಕ್ಕರು. ಮಾರನೆಯ ದಿನದಿಂದಲೇ ಹೊಟ್ಟೆನೋವು ಹತ್ತಿತು. ಶಾಲೆಯ ಚೀಲ ಹೆಗಲಿಗೆ ಏರುತ್ತಲೇ ಅಂಗೈ ತಣ್ಣಗಾಗಿ ಬೆವರುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಬಾಗಿಲ ಚೌಕಟ್ಟನ್ನು ಹಿಡಿದವಳು ಇಬ್ಬರು ಎಳೆದರೂ ಬಿಡಲಿಲ್ಲ.

"ಹಟಮಾರಿ ಆಗ್ಯಾಳ" ಎಂದ ಗೌರೀಶ.

ಅಕ್ಕವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಕೊರಳಿಗೆ ಕರಿದಾರ ಕಟ್ಟಿಸಿದಳು. ಜಂತಿನ ಗುಳಿಗೆಯೂ ಆಯಿತು. ಮರುವರ್ಷ ನಾಲ್ಕನೇ ಇಯತ್ತೆಗೆ ಬಂದರೂ ನೋವು ಹೋಗಲಿಲ್ಲ. ಕೊನೆಗೆ ಬೆಳಗಾವಿಯ ಒಂದು ದವಾಖಾನೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಡಾಕ್ಟರು ರಿಪೋರ್ಟು ನೋಡಿ, "ಹೊಟ್ಯಾಗ ಏನೂ ಇಲ್ಲ. ಮಗು ಭಾಳ ಹೆದರೇತಿ. ಮನಸ್ಸಿನ ಡಾಕ್ಟರಿಗೆ ಒಮ್ಮೆ ತೋರಸ್ರಿ" ಎಂದು ಚೀಟಿಯನ್ನೂ ಬರೆದುಕೊಟ್ಟರು.

ಎರಡು ಮಾತಿನಲ್ಲಿ ಮೊದಲನೆಯದಷ್ಟೇ ಗೌರೀಶನ ಕಿವಿಗೆ ಬಿತ್ತು. ಹೊಟ್ಟೆಯಲ್ಲಿ ಏನೂ ಇಲ್ಲ ಅಂದ ಮೇಲೆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅವನು ಲೆಕ್ಕ ಹಾಕಿದ. ಚೀಟಿ ಅಂಗಿಯ ಜೇಬಿನಲ್ಲೇ ಉಳಿದು, ಒಗೆಯುವಾಗ ನೀರಿನಲ್ಲಿ ಕರಗಿಹೋಯಿತು. ಅಂದೇ ಆ ಚೀಟಿಯ ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆಗ ಬಸವ ಜಯಂತಿಗೆ ಇನ್ನೊಂದು ತಿಂಗಳಿತ್ತು. ಸಮೃದ್ಧಿಗೆ ನಲವತ್ತು ವಚನ ಬಾಯಿಪಾಠ. ಅಡುಗೆಮನೆಯಲ್ಲಿ ಅಕ್ಕವ್ವನ ತೊಡೆಗೆ ಒರಗಿ ಹೇಳುತ್ತಿದ್ದರೆ ಕೇಳಲು ಚೆಂದ. ಜಯಂತಿಯ ವೇದಿಕೆಯ ಮೇಲೆ ಮಗಳು ವಚನ ಹೇಳಬೇಕೆಂದು ಗೌರೀಶನಿಗೆ ಆಸೆ. ಅಷ್ಟರೊಳಗೆ ಹೆದರಿಕೆ ಬಿಡಿಸುತ್ತೇನೆಂದು ಹಟ ತೊಟ್ಟ. ಗಿರಣಿಯಲ್ಲಿ ಕಾಳು ತೂಗುವ ಕಾಟಾ ಇತ್ತಲ್ಲ, ಗಿರಾಕಿಗಳು ಡಬ್ಬಿ ಹಿಡಿದು ನಿಂತ ಹೊತ್ತಿಗೆ ಮಗಳನ್ನು ಅದರ ಮೇಲೆ ಹತ್ತಿಸಿ ದಿನಕ್ಕೊಂದು ವಚನ ಹೇಳಿಸುವುದು. ಇದು ಅವನ ಮದ್ದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು? ನಮ್ಮಪ್ಪ ನನ್ನ ಎತ್ತಿ ಮಲಪ್ರಭಾದಾಗ ಒಗದಿದ್ದ. ನನಗ ಈಸಾಕ ಬಂತಿಲ್ಲ?" ಎಂದ.

"ಅಕಿ ನಿಮ್ಮಂಗ ಇಲ್ಲರೀ" ಎಂದಳು ನಾಗರತ್ನಾ. ಒಂದೇ ಸಲ ಅಂದಳು. ಎರಡನೇ ಸಲ ಅನ್ನಲಿಲ್ಲವಲ್ಲ ಎಂಬ ಕೊರಗು ಅವಳದು.

ಏಳು ದಿನ ಹೇಗೋ ನಡೆಯಿತು. ಸಮೃದ್ಧಿ ನೆಲ ನೋಡುತ್ತ ತುಟಿ ಅಲುಗಿಸಿ ಇಳಿದುಬಿಡುತ್ತಿದ್ದಳು. ಎಂಟನೆಯ ದಿನ ಸೋಮವಾರ, ಗಿರಣಿ ತುಂಬ ಜನ. ಎಲ್ಲರಿಗೂ ಕೇಳಲೆಂದು ಗೌರೀಶ ಮೋಟಾರು ಬಂದ್ ಮಾಡಿದ. "ಹೂಂ, ಜೋರಲೇ ಹೇಳು" ಎಂದ. ಇಪ್ಪತ್ತು ಕಣ್ಣು ಹುಡುಗಿಯ ಮೇಲೆ. ಅವಳ ಬಾಯಿಂದ ಉಸಿರೂ ಹೊರಡಲಿಲ್ಲ. ನಿಂತಲ್ಲೇ ಫ್ರಾಕು ಒದ್ದೆಯಾಯಿತು. ಕಾಟಾದಿಂದ ನೀರು ಕೆಳಗಿನ ಹಿಟ್ಟಿಗೆ ಹರಿಯಿತು. ಯಾರೋ ಕಿಸಕ್ಕನೆ ನಕ್ಕರು. ಜೋಳ ಬೀಸಿಸಲು ಬಂದಿದ್ದ ಮುದುಕಿ ಮಾಯಕ್ಕ ಓಡಿಬಂದು ಸೆರಗು ಹೊದಿಸಿ ಒಳಗೆ ಕರೆದುಕೊಂಡು ಹೋದಳು.

ಗೌರೀಶ ಹಿಂದಿನಿಂದ ಕೂಗಿದ: "ಹತ್ತು ವರ್ಷದಾಕಿ ಅದೀ, ನಾಚಿಕಿ ಬರೂದಿಲ್ಲ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳಲು ಬರುವಂತಿದ್ದರೆ ಗಿರಣಿಯನ್ನೇ ಬಿಟ್ಟುಕೊಡುತ್ತಿದ್ದೆ ಎಂದು ಅವನು ಈಗ ಹೇಳುತ್ತಾನೆ.

ಅಂದಿನಿಂದ ಸಮೃದ್ಧಿ ಅಪ್ಪನ ಹತ್ತಿರ ಮಾತು ಬಿಟ್ಟಳು. ಅವನು ಊಟ ಮಾಡಿ ಎದ್ದುಹೋದ ಮೇಲೆ ಅವಳ ಊಟ. ಗಿರಣಿಯ ಕಡೆ ಮುಖ ಹಾಕಲಿಲ್ಲ. ಬಸವ ಜಯಂತಿ ಬಂತು, ಹೋಯಿತು. ಜೂನ್‌ನಲ್ಲಿ ಶಾಲೆ ಶುರುವಾದರೆ ಹಾಸಿಗೆಯಿಂದ ಏಳಲಿಲ್ಲ. ಅಕ್ಕವ್ವನಿಗೆ ಹೇಳುತ್ತಿದ್ದ ವಚನಗಳೂ ಆ ಸೋಮವಾರದಿಂದಲೇ ನಿಂತಿದ್ದವು. ಗೌರೀಶ ಬೈದ, ಆಸೆ ತೋರಿಸಿದ, ಸೈಕಲ್ ತಂದಿಟ್ಟ. ಯಾವುದಕ್ಕೂ ಹುಡುಗಿ ಕಣ್ಣೆತ್ತಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಆ ಓಣಿಯ ಆಶಾ ಕಾರ್ಯಕರ್ತೆ ತಸ್ಲೀಮಾ ಗೋದಿ ಬೀಸಿಸಲು ಬಂದಳು. ಹಿಟ್ಟು ಆಗುವವರೆಗೆ ಒಳಗೆ ಹೋಗಿ ಕುಳಿತಳು. ಸಮೃದ್ಧಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಇದೇನ ವೈನಿ, ಕೂಸು ಹಿಂಗ್ಯಾಕ ಆಗೇತಿ?"

ನಾಗರತ್ನಾ ಅಳುತ್ತ ಎಲ್ಲವನ್ನೂ ಹೇಳಿದಳು. ತಸ್ಲೀಮಾ ಹೊರಗೆ ಬಂದು ಗೌರೀಶನನ್ನು ಕರೆದಳು.

"ಗೌರೀಶಣ್ಣಾ, ಅಕಿನ್ನ ಬೆಳಗಾವಿ ಜಿಲ್ಲಾ ಆಸ್ಪತ್ರಿಗೆ ಕರಕೊಂಡು ಹೋಗೂಣು. ಮನಸ್ಸಿನ ಡಾಕ್ಟರಿಗೆ ತೋರಸೂಣು."

"ಹುಚ್ಚಿನ ಡಾಕ್ಟರಿಗೆ? ತಸ್ಲೀಮಕ್ಕಾ, ಊರ ಮಂದಿ ಏನಂತಾರ? ನಾಳಿ ಅಕಿನ್ನ ಲಗ್ನಾ ಯಾರು ಮಾಡ್ಕೋತಾರ? ನಾಟಕ ಅದು, ಹೊಟ್ಯಾಗ ಏನೂ ಇಲ್ಲಂತ ಡಾಕ್ಟರೇ ಹೇಳ್ಯಾರ."

"ಹೊಟ್ಯಾಗ ಏನೂ ಇಲ್ಲಂದ್ರ ನೋವು ಸುಳ್ಳಂತ ಯಾರು ಹೇಳಿದ್ರಣ್ಣಾ? ಹೆದರಿಕಿ ಅಂದ್ರ ಮನಿ ಕಾಯೋ ನಾಯಿ ಇದ್ದಂಗ. ಕಳ್ಳ ಬಂದಾಗ ಬೊಗಳಿದ್ರ ಚಲೋ. ಬಂದ ಬೀಗರಿಗೂ ಹಾಲಿನವಗೂ ದಿನಾ ಬೊಗಳಿದ್ರ ಮನಿಯಾವ್ರು ಮಲಗೂದು ಹೆಂಗ? ನಿಮ್ಮ ಮಗಳ ಹೆದರಿಕಿ ಹಂಗ ಆಗೇತಿ. ಎದಿ ಹೊಡಕೋತೈತಿ, ಹೊಟ್ಟಿ ಖರೇನ ನೋಯತೈತಿ. ಅಕಿ ಬೇಕಂತ ಮಾಡಾಕತ್ತಿಲ್ಲ. ಇದಕ್ಕ ಆತಂಕದ ಕಾಯಿಲೆ ಅಂತಾರ. ಭಾಳ ಮಕ್ಕಳಿಗೆ ಇರತೈತಿ. ಗುಣಾನೂ ಆಗತೈತಿ."

"ಹೆದರಿಕಿ ಬಿಡಸಾಕ ನಾನೂ ನೋಡಿದ್ನೆಲ್ಲ?"

"ನೀವು ಬಿಡಿಸಲಿಲ್ಲಣ್ಣಾ. ಹೆಚ್ಚಿಗಿ ಮಾಡಿದ್ರಿ" ಎಂದಳು ತಸ್ಲೀಮಾ. ಮೆಲ್ಲಗೇ ಅಂದಳು. ಆದರೂ ಅವನಿಗೆ ಚುರುಕ್ ಎಂದಿತು.

ಅಷ್ಟರಲ್ಲಿ ಅಕ್ಕವ್ವ ಬಾಗಿಲಿಗೆ ಬಂದಳು. "ಕೂಸಿನ ಬಾಯಾಗ ವಚನ ಕೇಳಿ ನಾಲ್ಕು ತಿಂಗಳಾತು. ಹುಚ್ಚಿನ ಡಾಕ್ಟರಂತರ ಅನ್ನು, ಏನರ ಅನ್ನು. ನೀ ಬರಲಿಲ್ಲಂದ್ರ ನಾನೇ ಕರಕೊಂಡು ಹೊಕ್ಕೀನಿ. ಬಸ್ಸಿನ ದಾರಿ ನನಗೂ ಗೊತ್ತೈತಿ" ಎಂದಳು. ದೃಷ್ಟಿ ತೆಗೆದ ಮುದುಕಿಯೇ ಹೀಗೆ ಅಂದ ಮೇಲೆ ಗೌರೀಶ ಮಾರನೆಯ ದಿನವೇ ಗಿರಣಿ ಮುಚ್ಚಿ, ಹೆಂಡತಿ ಮಗಳೊಡನೆ ಬೆಳಗಾವಿಯ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದ ಮೇಲೆ ಆಪ್ತ ಸಲಹೆಗಾರ್ತಿ ಮೇಘಾ ಸಮೃದ್ಧಿಯನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಮಾತಾಡು ಎಂದು ಒತ್ತಾಯ ಮಾಡಲಿಲ್ಲ. ಕಾಗದದ ಮೇಲೆ ಒಂದು ಏಣಿ ಬರೆದು, ಸಣ್ಣ ಹೆದರಿಕೆಯನ್ನು ಕೆಳಗಿನ ಮೆಟ್ಟಿಲಿಗೆ, ಎಲ್ಲಕ್ಕಿಂತ ದೊಡ್ಡದನ್ನು ಮೇಲಿನ ಮೆಟ್ಟಿಲಿಗೆ ಬರೆ ಎಂದಳು. ಬಹಳ ಹೊತ್ತು ಹಿಡಿದು ಅವಳು ಬರೆದ ಮೇಲೆ, "ಇದನ್ನ ನಿಮ್ಮ ಅವ್ವಾಗ, ಅಪ್ಪಾಗ ನಾ ತೋರಸ್ಲೇನು ಪುಟ್ಟಾ?" ಎಂದು ಕೇಳಿದಳು. ಸಮೃದ್ಧಿ ಹೂಂ ಎಂದು ತಲೆಯಾಡಿಸಿದಳು. ಮೇಘಾ ಆ ಹಾಳೆಯನ್ನು ತಂದು ತಂದೆತಾಯಿಯ ಕೈಗೆ ಕೊಟ್ಟಳು.

ಮೇಲಿನ ಮೆಟ್ಟಿಲಲ್ಲಿ ಶಾಲೆ ಇರುತ್ತದೆ ಎಂದು ಗೌರೀಶ ತಿಳಿದಿದ್ದ. ಶಾಲೆ ಅದಕ್ಕಿಂತ ಕೆಳಗಿತ್ತು. ಎಲ್ಲಕ್ಕಿಂತ ಮೇಲೆ ದುಂಡನೆಯ ಅಕ್ಷರದಲ್ಲಿ "ಅಪ್ಪ ಜೋರಾಗಿ ಕರೆಯೋದು" ಎಂದು ಬರೆದಿದ್ದಳು. ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಅಲ್ಲಿಯೇ, ಹೆಂಡತಿಯ ಮುಂದೆ, ಅವತ್ತೇ ಕಂಡ ಮೇಘಾಳ ಮುಂದೆ ಅತ್ತುಬಿಟ್ಟ.

ಮೇಘಾ ಅವನನ್ನು ಬೈಯಲಿಲ್ಲ. "ಈಗ ಬಂದೀರಲ್ಲ, ಅಷ್ಟ ಸಾಕು. ಇನ್ನ ಮ್ಯಾಲೆ ಕೆಳಗಿನ ಮೆಟ್ಟಲದಿಂದ ಶುರು ಮಾಡೂಣು. ಒಮ್ಮೆಲೇ ನೂಕಬ್ಯಾಡ್ರಿ. ಹಂಗಂತ ಪೂರಾ ಮನ್ಯಾಗೂ ಕುಂಡ್ರಸಬ್ಯಾಡ್ರಿ, ತಪ್ಪಿಸಿಕೊಂಡಷ್ಟು ಹೆದರಿಕಿ ಬೆಳೀತೈತಿ. ಒಂದು ಮೆಟ್ಟಲಾ ಹತ್ತಿದ್ರ ಶಾಬಾಸ್ ಅನ್ರಿ. ಮಂದಿ ಮುಂದ ಅಣಕಸಬ್ಯಾಡ್ರಿ, ಬ್ಯಾರೆ ಮಕ್ಕಳಿಗೆ ಹೋಲಸಬ್ಯಾಡ್ರಿ. ಗುಳಗಿ ಬೇಕಾದ್ರ ಡಾಕ್ಟರೇ ಹೇಳತಾರ, ನಿಮ್ಮಷ್ಟಕ್ಕ ನೀವು ಕೊಡಬ್ಯಾಡ್ರಿ" ಎಂದಳು. ಎದೆ ಹೊಡೆದುಕೊಂಡಾಗ ಮೆಲ್ಲಗೆ ಉಸಿರು ಎಳೆದು, ಅದಕ್ಕಿಂತ ಮೆಲ್ಲಗೆ ಬಿಡುವುದನ್ನು ಸಮೃದ್ಧಿಗೆ ಕಲಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಗೌರೀಶ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದ. "ಅವ್ವಾ ಸಮೃದ್ಧಿ, ನೀ ಹೊಟ್ಟಿ ನೋಯತೈತಿ ಅಂದಾಗ ನಾ ನಂಬಲಿಲ್ಲ. ನಂದು ತಪ್ಪಾತವಾ" ಎಂದ. ಅವಳು ತಿರುಗಲಿಲ್ಲ. ಪೀರನವಾಡಿ ದಾಟಿದ ಮೇಲೆ ತಾಯಿಯ ಕಿವಿಯಲ್ಲಿ ಹೇಳಿದಳು: "ಖರೇನ ನೋಯತಿತ್ತು ಅಂತ ಹೇಳು, ಅಪ್ಪಗ."

ಆಮೇಲೆ ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ಶಾಲೆಯ ಗೇಟಿನವರೆಗೆ ಹೋಗಿ ಮುಟ್ಟಿ ಬಂದರು, ಅದೂ ಭಾನುವಾರ, ಒಬ್ಬರೂ ಇಲ್ಲದಾಗ. ಆಮೇಲೆ ತಾಯಿಯ ಜೊತೆ ಅರ್ಧ ತಾಸು ತರಗತಿಯಲ್ಲಿ. ಆಮೇಲೆ ಮಧ್ಯಾಹ್ನದವರೆಗೆ. ತಸ್ಲೀಮಾ ಹೋಗಿ ಟೀಚರ್ ಕಾಂತಾ ಅವರಿಗೆ ತಿಳಿಹೇಳಿದಳು. ಅವರು ಸಮೃದ್ಧಿಯನ್ನು ಎದ್ದು ನಿಲ್ಲಿಸುವುದನ್ನು ಬಿಟ್ಟು, ಬಾಜೂ ಕುಳಿತ ಗೆಳತಿಗಷ್ಟೇ ಕೇಳುವಂತೆ ಎರಡು ಸಾಲು ಓದಿಸಿದರು. ನಡುವೆ ಹದಿನೈದು ದಿನ ಮತ್ತೆ ಹಾಸಿಗೆ ಹಿಡಿದಳು. ಮತ್ತೆ ಬೆಳಗಾವಿಗೆ ಹೋದರು, ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಿದರು. ಈಗ ವಾರಕ್ಕೆ ನಾಲ್ಕೈದು ದಿನ ಶಾಲೆಗೆ ಹೋಗುತ್ತಾಳೆ.

ಅಪ್ಪನ ಮೆಟ್ಟಿಲು ಮಾತ್ರ ತಡವಾಯಿತು. ಗೌರೀಶ ಮಗಳನ್ನು ಕೂಗಿ ಕರೆಯುವುದನ್ನೇ ಬಿಟ್ಟ. ಬೇಕಾದಾಗ ಅವಳಿದ್ದಲ್ಲಿಗೆ ಹೋಗಿ, ಬದಿಗೆ ಕುಳಿತು, ಮೆಲ್ಲಗೆ ಮಾತಾಡುತ್ತಾನೆ. ಹೂಂ, ಉಹೂಂ ಬಿಟ್ಟರೆ ಉತ್ತರ ಬರುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದ.

ಮೊನ್ನೆ ಸಂಜೆ ಅವನು ಹಿತ್ತಲಿನಲ್ಲಿ ಜರಡಿ ತೊಳೆಯುತ್ತಿದ್ದ. ಸಮೃದ್ಧಿ ತಾನಾಗಿಯೇ ಬಂದು ಎರಡು ಮಾರು ದೂರದಲ್ಲಿ ನಿಂತಳು.

"ಅಪ್ಪಾ, ನಾಳಿ ಪರೀಕ್ಷಾ ಐತಿ. ನನಗ ಹೆದರಿಕಿ ಆಗತೈತಿ."

ಗೌರೀಶ ಜರಡಿ ಕೆಳಗಿಟ್ಟ. "ಹೌದೇನವಾ? ಏನಾಗತೈತಿ, ಹೇಳು" ಎಂದ. ಅವಳು ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ. ಇಷ್ಟೇ ಮಾತು ತಾನು ಎರಡು ವರ್ಷದ ಹಿಂದೆ ಅಂದಿದ್ದರೆ ಸಾಕಾಗಿತ್ತಲ್ಲ ಎಂದು ಆ ರಾತ್ರಿ ಹೆಂಡತಿಯ ಹತ್ತಿರ ಹೇಳಿಕೊಂಡ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಮಗು ದಿನಾ ಹೊಟ್ಟೆನೋವು ಅನ್ನುತ್ತಿದೆಯೇ? ಶಾಲೆ ಎಂದರೆ ನಡುಗುತ್ತಿದೆಯೇ, ನಿದ್ದೆ ಊಟ ಬಿಟ್ಟಿದೆಯೇ, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದೆಯೇ? ನಾಟಕ ಎನ್ನಬೇಡಿ. ಹೆದರಿಸಿ ಹೆದರಿಕೆ ಬಿಡಿಸಲು ಹೋಗಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಮನೆಯಿಂದಲೇ ಕೇಳಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋದ ಮಗು ಹುಚ್ಚು ಮಗುವಲ್ಲ.

ಗೌರೀಶನಿಗೆ ತಿಳಿಯಲು ಎರಡು ವರ್ಷ ಹಿಡಿಯಿತು. ನೀವು ಅಷ್ಟು ದಿನ ಕಾಯಬೇಡಿ. ಇವತ್ತು ಸಂಜೆ ಮಗುವಿನ ಬದಿಗೆ ಕುಳಿತು ಕೇಳಿ. ಅದು ಹೇಳಿದ್ದನ್ನು ನಂಬಿ.