ಹೆಸರು ಹಿಡಿದು ಬೇಡಿದ್ದು

ಶಾಲೆಯ ಆಫೀಸಿನ ಎದುರಿನ ಬೆಂಚು ಖಾಲಿ ಉಳಿಯತೊಡಗಿದ್ದು ಟೀಚರಮ್ಮನ ನಾದಿನಿ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೆ ಮೊದಲು ಯಾರಾದರೊಬ್ಬ ತಾಯಿ ಅಲ್ಲಿ ಕೂತಿರುತ್ತಿದ್ದಳು. ಮೂರನೆಯ ತರಗತಿಯ ಟೀಚರಮ್ಮ ಪಾಠ ಮುಗಿಸಿ, ಕೈಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂರುವವರೆಗೂ ಕಾಯುತ್ತಿದ್ದಳು. ಮಗುವಿನ ಕೆಮ್ಮು, ಅತ್ತೆಯ ಬಾಯಿ, ಗಬ್ಬ ನಿಲ್ಲದ ಹಸು, ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಟೀಚರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತಮ್ಮ, ಬೆಳಿಗ್ಗೆ ಪ್ರಾರ್ಥನೆಲಿ ಹೆಸರು ಹೇಳ್ತೀನಿ" ಎನ್ನುತ್ತಿದ್ದಳು. ಮರುದಿನ ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳ ಮುಂದೆ ಹೆಸರು ಹಿಡಿದು ದೇವರನ್ನು ಬೇಡುವಳು. ಇಡೀ ಶಾಲೆ ಆಮೆನ್ ಎನ್ನುವುದು. ಹೆಸರು ಹೇಳಿಸಿಕೊಂಡವರು ಅದನ್ನೊಂದು ಮರ್ಯಾದೆಯೆಂದೇ ತಿಳಿಯುತ್ತಿದ್ದರು.

ಆಮೇಲೆ ಹೆದ್ದಾರಿಯ ಪಕ್ಕ ಬೇರೊಂದು ಶಾಲೆ ಬಂತು. ಪಾಲಕರ ಮಾತಿನ ಧಾಟಿಯೇ ಬದಲಾಯಿತು. "ಫೋನ್ ಮಾಡಿದ್ರೆ ಎತ್ತೋರಿಲ್ಲ, ಬಂದು ಕೇಳಿದ್ರೆ ಪ್ರಾರ್ಥನೆ ಮಾಡ್ತೀವಿ ಅಂತಾರೆ. ಬಸ್ಸು ಯಾಕೆ ತಡ ಅಂತ ದೇವರನ್ನ ಕೇಳಕ್ಕಾಗುತ್ತಾ?" ಎಂದು ಒಬ್ಬ ತಂದೆ ತುಂಬಿದ ಸಭೆಯಲ್ಲೇ ಕೇಳಿದ. ಎಲ್ಲರೂ ನಕ್ಕರು. ಶಾಲೆ ನಡೆಸುವ ಪಾದ್ರಿಯವರೂ ನಕ್ಕರು. ಆದರೆ ಕೆಲವೇ ದಿನಗಳಲ್ಲಿ, ಪಾಲಕರನ್ನು ನೋಡಿಕೊಳ್ಳಲೆಂದೇ ಒಬ್ಬಳನ್ನು ನೇಮಿಸಿದರು.

ಅವಳು ಟೀಚರಮ್ಮನ ಗಂಡನ ತಂಗಿ. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಬಂದವರನ್ನು ಮಾತಾಡಿಸುವ ಮೇಜಿನ ಕೆಲಸದಲ್ಲಿದ್ದು ಮನೆಗೆ ಮರಳಿದ್ದಳು. "ಸುಮ್ನೆ ಕೂತಿದಾಳೆ, ತಗೊಳ್ಳಿ ಪಾದ್ರಿಗಳೇ" ಎಂದು ಶಿಫಾರಸು ಮಾಡಿದ್ದೂ ಟೀಚರಮ್ಮನೇ.

ನಾದಿನಿ ಆಫೀಸಿನ ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಒಳಗೆ ಮೆತ್ತನೆಯ ಕುರ್ಚಿಗಳು ಬಂದವು, ಕುಡಿಯಲು ತಣ್ಣೀರು ಬಂತು. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆಯೊಳಗೆ ಉತ್ತರ. ಪಾಲಕರನ್ನು ಅವರ ಮಗುವಿನ ಹೆಸರು ಹೇಳಿ ನಗುತ್ತಾ ಮಾತಾಡಿಸುತ್ತಿದ್ದಳು. ಆ ನಗು ಟೀಚರಮ್ಮನ ತರಗತಿಯವರೆಗೂ ಕೇಳುತ್ತಿತ್ತು. ಲೆಕ್ಕ ಬರೆಯುತ್ತಿದ್ದ ಕೈ ಕರಿಹಲಗೆಯ ಮೇಲೇ ನಿಂತುಬಿಡುತ್ತಿತ್ತು.

"ನನ್ನ ತಂಗಿ ಬಂದ್ಮೇಲೆ ಶಾಲೆಗೊಂದು ಕಳೆ ಬಂತು ನೋಡು," ಎಂದ ಗಂಡ, ಊಟಕ್ಕೆ ಕೂತಾಗ.

"ಹೂಂ, ಇಷ್ಟು ದಿನ ಕೊಟ್ಟಿಗೆ ಆಗಿತ್ತು," ಎಂದು ಟೀಚರಮ್ಮ ತಟ್ಟೆ ಕುಕ್ಕಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಟೈಲರಮ್ಮ ಬಂದಳು. ಅವಳ ಮಗಳು ಟೀಚರಮ್ಮನ ತರಗತಿಯಲ್ಲೇ ಓದುತ್ತಿದ್ದಳು. ಕಿಟಕಿಯಲ್ಲಿ ನಾದಿನಿ ಕುರ್ಚಿ ತೋರಿಸಿದರೂ ಅವಳು ದಾಟಿ ಬಂದು ಬೆಂಚಿನ ಮೇಲೆ ಕೂತಳು. ಟೀಚರಮ್ಮ ಪಾಠ ಅರ್ಧಕ್ಕೆ ಬಿಟ್ಟು ಹೊರಗೆ ಬಂದಳು.

"ಅವರು ಮನೆ ಬಿಟ್ಟು ಹೋಗಿದಾರೆ ಟೀಚರಮ್ಮ. ಮಗಳಿಗೆ, ಅಪ್ಪಂಗೆ ದೂರದ ಊರಲ್ಲಿ ಕೆಲಸ ಅಂತ ಹೇಳಿದೀನಿ. ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ನೀವೊಂದು ಪ್ರಾರ್ಥನೆ ಮಾಡಿ."

ಟೀಚರಮ್ಮ ಅವಳ ಕೈ ಹಿಡಿದುಕೊಂಡಳು. ಕಣ್ಣು ಮಾತ್ರ ಕಿಟಕಿಯ ಮೇಲಿತ್ತು. ನಾದಿನಿ ತಲೆಯೆತ್ತಿ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಟೀಚರಮ್ಮನ ಹೊಟ್ಟೆ ತಣ್ಣಗಾಯಿತು.

ಸಂಜೆ ಹೊಲದ ಬದುವಿನ ಮೇಲೆ ಮನೆಗೆ ನಡೆಯುವಾಗ ನಾದಿನಿ ಕೇಳಿದಳು: "ಟೈಲರಮ್ಮ ಏನಂದ್ರು ಅತ್ತಿಗೆ?"

"ನಿಂಗೆ ಹೇಳೋ ಅಂಥದ್ದಲ್ಲ ಬಿಡೇ."

"ಬೇಡ ಬಿಡಿ. ನಾಳೆ ನಾನೇ ಫೋನ್ ಮಾಡಿ ವಿಚಾರಿಸ್ತೀನಿ, ಏನಾದ್ರೂ ಬೇಕಾ ಅಂತ."

ಆ ಮಾತು ಟೀಚರಮ್ಮನನ್ನು ಚುಚ್ಚಿತು. ಇದೂ ಅವಳ ಪಾಲಾಗುತ್ತದೆ. ಫೋನಿಗಿಂತ ಮೊದಲೇ ಪ್ರಾರ್ಥನೆ ಆಗಬೇಕು.

ಬೆಳಿಗ್ಗೆ ಮಕ್ಕಳು ಕಣ್ಣು ಮುಚ್ಚಿದರು. ಟೀಚರಮ್ಮ ಮೈಕು ಹಿಡಿದಳು. ಆಫೀಸಿನ ಕಿಟಕಿಗೆ ಕೇಳಲೆಂದು ದನಿಯನ್ನು ಸ್ವಲ್ಪ ಏರಿಸಿಯೇ ಬೇಡಿದಳು: "ಕರ್ತನೇ, ನಮ್ಮ ಟೈಲರಮ್ಮನ ಕಣ್ಣೀರು ನೋಡು. ಮನೆ ಬಿಟ್ಟು ಹೋದ ಆಕೆಯ ಗಂಡನ ಮನಸ್ಸು ತಿರುಗಿಸು, ತಂದೆಯೇ."

ಆಮೆನ್ ಆಯಿತು. ಕಣ್ಣು ತೆರೆದರೆ, ಮೂರನೆಯ ತರಗತಿಯ ಸಾಲಿನಲ್ಲಿ ಟೈಲರಮ್ಮನ ಮಗಳು ಕೈ ಜೋಡಿಸಿಕೊಂಡೇ ಅವಳನ್ನು ನೋಡುತ್ತಿದ್ದಳು.

"ಟೀಚರ್, ನಮ್ಮಪ್ಪ ಕೆಲಸಕ್ಕೆ ಹೋಗಿರೋದು," ಎಂದಳು ಹುಡುಗಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಬಿಸಿಲೇರುವ ಹೊತ್ತಿಗೆ ಸುದ್ದಿ ತಿಳಿದು ಟೈಲರಮ್ಮ ಬಂದಳು. ಸೆರಗಿಗೆ ದಾರದ ತುಂಡುಗಳು ಅಂಟಿಕೊಂಡೇ ಇದ್ದವು. ನಾದಿನಿ ನೀರಿನ ಲೋಟ ಹಿಡಿದು ಎದ್ದಳು. "ಕೂತ್ಕೊಳ್ಳಿ ಅಮ್ಮ. ಶಾಲೆ ಪರವಾಗಿ ನಾನು ಕ್ಷಮೆ..."

"ನೀವ್ಯಾಕೆ ಕೇಳ್ತೀರ? ನಿಮಗೆ ನಾನೇನೂ ಹೇಳಿರ್ಲಿಲ್ಲ." ಟೈಲರಮ್ಮ ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನತ್ತ ತಿರುಗಿದಳು. "ನಾನು ಹೇಳಿದ್ದು ನಿಮಗೆ. ಮೈಕಿಗಲ್ಲ."

"ದೇವರ ಹತ್ರ ಹೇಳ್ದೆ ಕಣಮ್ಮ... ಎಲ್ಲರದ್ದೂ ಹಾಗೇ ಹೇಳ್ತಿದ್ನಲ್ಲ..."

"ದೇವರಿಗೇನು ಕಿವಿ ಮಂದವಾ?"

ಟೀಚರಮ್ಮ ತಪ್ಪಾಯ್ತು ಎಂದಳು, ತನ್ನ ಕಿವಿಗೇ ಅದು ಕೇಳಲಿಲ್ಲ. ಮಗಳನ್ನು ಬಿಡಿಸಿಕೊಂಡು ಹೋಗುತ್ತೇನೆಂದು ಹಟ ಹಿಡಿದ ಟೈಲರಮ್ಮನನ್ನು ನಾದಿನಿಯೇ ತಡೆದಳು. ಹುಡುಗಿಯನ್ನು ಪಕ್ಕದ ವಿಭಾಗಕ್ಕೆ ಹಾಕೋಣ, ಆಡಿಕೊಳ್ಳುವ ಮಕ್ಕಳನ್ನು ನಾನು ನೋಡಿಕೊಳ್ತೀನಿ, ಬಸ್ಸಿನವರೆಗೂ ನಾನೇ ಕೈ ಹಿಡಿದು ಬಿಡ್ತೀನಿ ಎಂದಳು. ಟೈಲರಮ್ಮ ಕೊನೆಗೆ ಒಪ್ಪಿದಳು. ಮಧ್ಯಾಹ್ನ ಹುಡುಗಿ ಬ್ಯಾಗು ಎತ್ತಿಕೊಂಡು ತಿರುಗಿಯೂ ನೋಡದೆ ಪಕ್ಕದ ಕೋಣೆಗೆ ಹೋದಳು.

ಅಂದು ಸಂಜೆ ಇಬ್ಬರೂ ಜೊತೆಗೇ ಮನೆಗೆ ಹೊರಟರು. ಅರ್ಧ ದಾರಿಯಲ್ಲಿ ನಾದಿನಿ ಹೇಳಿದಳು: "ನಂಗೆ ಇಷ್ಟು ದಿನದಲ್ಲಿ ಒಬ್ಬರಾದ್ರೂ ಮನೆ ಮಾತು ಹೇಳಿಲ್ಲ ಅತ್ತಿಗೆ. ಬಸ್ಸು, ಬೂಟು, ರಜೆ, ಅಷ್ಟೇ. ನೆನ್ನೆ ಆಯಮ್ಮ ನನ್ನ ದಾಟಿ ನಿಮ್ಮ ಹತ್ರ ಬಂದ್ಲಲ್ಲ, ಹೊಟ್ಟೆ ಉರಿದುಹೋಯ್ತು."

ಟೀಚರಮ್ಮ ನಿಂತುಬಿಟ್ಟಳು. ಇದನ್ನು ನೆನ್ನೆ ಹೇಳಿದ್ದರೆ! ಆ ಮೈಕು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ.

ಮುಂದಿನ ವಾರ ಟೈಲರಮ್ಮ ಮತ್ತೆ ಕಾಣಿಸಿಕೊಂಡಳು. ನಾದಿನಿ ಫೋನನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದಳು. ಇಬ್ಬರೂ ಗೇಟಿನ ಪಕ್ಕದ ಮರದಡಿ ನಿಂತರು. ಟೈಲರಮ್ಮ ಮಾತಾಡುತ್ತಲೇ ಇದ್ದಳು, ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾದಿನಿ ಸುಮ್ಮನೆ ಕೇಳುತ್ತಿದ್ದಳು. ಟೀಚರಮ್ಮ ತರಗತಿಯೊಳಗಿಂದ ನೋಡಿದಳು. ಮಕ್ಕಳು ಗಲಾಟೆ ಎಬ್ಬಿಸಿದರೂ ಗದರಲಿಲ್ಲ.

ಸಂಜೆ ಬದುವಿನ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಗಂಡ ಬಂದ್ನಂತಾ?"

"ಕೇಳ್ಬೇಡಿ ಅತ್ತಿಗೆ," ಎಂದಳು ನಾದಿನಿ, ಮೆಲ್ಲಗೆ.

ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಬದು ಕಿರಿದಾದಲ್ಲಿ ನಾದಿನಿ ಪಕ್ಕಕ್ಕೆ ಸರಿದು ದೊಡ್ಡವಳಿಗೆ ದಾರಿ ಬಿಟ್ಟಳು.

"ನೀನೇ ಮುಂದೆ ಹೋಗಮ್ಮ," ಎಂದಳು ಟೀಚರಮ್ಮ. "ಶಾಲೇಲಿ ಈಗ ನಿನಗಾಗಿ ಕಾಯೋರು ಬಹಳ ಜನ."