ಒಣಗಿದ ಡ್ರಮ್ಮಿನ ಕಪ್ಪು ಗೆರೆ

ಬಣ್ಣದಮ್ಮನಿಗೆ ಸಾಕುಸಾಕಾಗಿತ್ತು. ನೂಲಿಗೆ ಬಣ್ಣ ಹಾಕುವ ಮನೆ ಅವಳದು. ಮಳೆನೀರಿನಲ್ಲಿ ಅದ್ದಿದರೆ ಬಣ್ಣ ಸಮನಾಗಿ ಹಿಡಿಯುತ್ತದೆಂದು ಸೂರಿನ ಕೆಳಗೆ ಆರು ಡ್ರಮ್ಮು ಇಟ್ಟಿದ್ದಳು. ಮೊದಲ ಮಳೆಯ ನೀರಿನಲ್ಲಿ ಸೂರಿನ ಕಸ ಇರುತ್ತದೆ, ಅದನ್ನು ಚೆಲ್ಲುವುದು. ಎರಡನೆಯ ಮಳೆಯದನ್ನು ಹಿಡಿದಿಡುವುದು. ಮಳೆಗಾಲ ಮುಗಿದ ಮೇಲೆ ಡ್ರಮ್ಮು ಬೋರಲು ಹಾಕುವುದು. ಒಂದು ವರ್ಷವೂ ತಪ್ಪಿದವಳಲ್ಲ. ಆದರೂ ಪ್ರತಿ ಮಳೆಗಾಲಕ್ಕೂ ಮನೆತುಂಬ ಸೊಳ್ಳೆ. ಹೋದ ವರ್ಷ ಮಗ ಡೆಂಗಿ ಜ್ವರದಲ್ಲಿ ಒಂಬತ್ತು ದಿನ ಮಲಗಿದ್ದ. ಈಗ ಸೊಸೆಗೆ ಏಳು ತಿಂಗಳು.

ಸೊಸೆ ಜಗಳಕ್ಕೆ ನಿಲ್ಲುವವಳಲ್ಲ. ಬಟ್ಟೆ ತುಂಬಿದ ಚೀಲವನ್ನು ತಂದು ಬಾಗಿಲ ಪಕ್ಕ ಇಟ್ಟಳು, ಅಷ್ಟೆ.

“ಮೊದಲ ಮಳೆಗೆ ನಾನು ಅಮ್ಮನ ಮನೆಗೆ ಹೋಗ್ತೀನಿ ಅತ್ತೆ. ಬೇಜಾರು ಮಾಡ್ಕೋಬೇಡಿ.”

ಅದೇ ಹೊತ್ತಿಗೆ ಆರೋಗ್ಯ ಕೇಂದ್ರದವಳು ಬಂದಳು. ಸಿಕ್ಕಿದ ಪಾತ್ರೆಗೆಲ್ಲ ಟಾರ್ಚ್ ಬಿಟ್ಟು ನೋಡುತ್ತಾಳೆಂದು ಬೀದಿಯವರು ಅವಳನ್ನು ಟಾರ್ಚಕ್ಕ ಅನ್ನುತ್ತಿದ್ದರು. ಅವಳು ನೆಟ್ಟಗೆ ಡ್ರಮ್ಮಿನೊಳಕ್ಕೆ ತಲೆ ಹಾಕಿದಳು.

“ನಾಲ್ಕು ತಿಂಗಳು ಬಿಸಿಲಲ್ಲಿ ಒಣಗಿಸಿದ್ದೀನಿ. ಇನ್ನೇನು ಬಾಣಲೆಗೆ ಹಾಕಿ ಹುರೀಲಾ?” ಎಂದಳು ಬಣ್ಣದಮ್ಮ.

ಟಾರ್ಚಕ್ಕ ನಕ್ಕಳು. ಹೋದ ವರ್ಷ ನೀರು ನಿಂತಿದ್ದ ಮಟ್ಟದ ಸ್ವಲ್ಪ ಮೇಲೆ, ಒಳಗೋಡೆಗೆ ಕಪ್ಪು ಗೆರೆ ಹಿಡಿದಿತ್ತು. ಒದ್ದೆ ಬಿಳಿ ಬಟ್ಟೆಯಿಂದ ಅದನ್ನು ಒರೆಸಿ ತೋರಿಸಿದಳು. ಎಳ್ಳಿಗಿಂತ ಸಣ್ಣ ಚುಕ್ಕೆಗಳು. ಡೆಂಗಿ ತರುವ ಸೊಳ್ಳೆ ಮೊಟ್ಟೆಯನ್ನು ನೀರಂಚಿನ ಗೋಡೆಗೆ ಅಂಟಿಸುತ್ತದೆ, ಅದು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ ಎಂದಳು. ಬಣ್ಣದಮ್ಮ ನಂಬಲಿಲ್ಲ. ಬಟ್ಟೆಯ ಚೂರನ್ನು ಗಾಜಿನ ಲೋಟದ ನೀರಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಬಿಗಿದು, ಟಾರ್ಚಕ್ಕ ಹೊರಟುಹೋದಳು.

ಮರುದಿನ ಟಾರ್ಚಕ್ಕ ಮತ್ತೆ ಬಂದಾಗ ಲೋಟದಲ್ಲಿ ಐದಾರು ಸೊಳ್ಳೆಹುಳು ಕುಣಿಯುತ್ತಿದ್ದವು.

“ಇಷ್ಟೇ ತಾನೆ? ಮೊದಲ ನೀರು ಹೇಗೂ ಚೆಲ್ತೀನಿ, ಇವೂ ಹೋಗುತ್ತವೆ,” ಎಂದು ಬಣ್ಣದಮ್ಮ ಗೆದ್ದವಳಂತೆ ಅವನ್ನು ಬಿಸಿಲಿಗೆ ಒಣಮಣ್ಣಿನ ಮೇಲೆ ಸುರಿದಳು. ಟಾರ್ಚಕ್ಕ ಅದೇ ಬಟ್ಟೆಯನ್ನು ಮೂರು ದಿನ ಒಣಗಿಸಿ, ಮತ್ತೆ ನೀರಿಗೆ ಹಾಕಿಸಿದಳು.

ಮತ್ತೆ ಹುಳು. ಈ ಸಲ ಹೆಚ್ಚೇ ಇದ್ದವು.

ಬಣ್ಣದಮ್ಮ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ನಾನು ಎರಡನೇ ನೀರು ಹಿಡೀತೀನಿ ಅಂತ ಇವಕ್ಕೆ ಹೇಳಿದವರು ಯಾರು?”

“ಯಾರೂ ಹೇಳಿಲ್ಲಮ್ಮ. ಮೊದಲ ಮಳೆ ಎಷ್ಟೋ ಸಲ ಸುಳ್ಳು ಮಳೆ. ಗುಂಡಿ ತುಂಬುತ್ತೆ, ಎರಡು ದಿನಕ್ಕೆ ಆರಿಹೋಗುತ್ತೆ. ಹಿಂದಿನ ಕಾಲದಲ್ಲಿ ಮೊಟ್ಟೆ ಎಲ್ಲಾ ಒಂದೇ ಸಲ ಒಡೆದ ಸೊಳ್ಳೆಗಳ ಸಂತಾನ ಹಾಗೆ ಅಳಿದುಹೋಯ್ತು. ಕೆಲವು ಒಡೆದು ಕೆಲವು ಉಳಿದವುಗಳ ಸಂತಾನ ಬದುಕ್ತು. ಮಳೆಗಾಲ ಮಳೆಗಾಲಕ್ಕೂ ಹೀಗೇ ಸೋಸಿ ಸೋಸಿ, ಕೊನೆಗೆ ಉಳಿದ ಮೊಮ್ಮಕ್ಕಳು ನಿಮ್ಮ ಡ್ರಮ್ಮಲ್ಲಿದ್ದಾವೆ.”

“ಅಂದ್ರೆ ಇಷ್ಟು ವರ್ಷ ಅವಕ್ಕೆ ತೊಟ್ಟಿಲು ತೂಗಿದ್ದು ನಾನೇ.”

ಮೋಡ ಕಪ್ಪಾಗುತ್ತಿತ್ತು. ಬಣ್ಣದಮ್ಮ ಮಗನನ್ನು ಕೂಗಿ ಒರಟು ಬ್ರಷ್ಷು ಕೈಗೆ ಕೊಟ್ಟಳು. ಸೋಪಿನ ಪುಡಿ ಹಾಕಿ, ಗೊಣಗಿಕೊಂಡೇ, ಆರೂ ಡ್ರಮ್ಮುಗಳ ಒಳಗೋಡೆಯನ್ನು ಇಬ್ಬರೂ ತಿಕ್ಕಿದರು. ಕೊಳೆನೀರನ್ನು ಚರಂಡಿಗೆ ಬಿಡದೆ ಒಣಮಣ್ಣಿಗೆ ಚೆಲ್ಲಿದರು. ಡ್ರಮ್ಮುಗಳ ಬಾಯಿಗೆಲ್ಲ ದಟ್ಟ ನೇಯ್ಗೆಯ ಬಟ್ಟೆ ಬಿಗಿದರು. ಕೊನೆಯ ಗಂಟು ಹಾಕುವಾಗ ಹನಿ ಬಿತ್ತು.

ಒಳಗೆ ಬಂದಾಗ ಬಾಗಿಲ ಪಕ್ಕ ಚೀಲ ಇರಲಿಲ್ಲ. ಬಣ್ಣದಮ್ಮ ಒಳಕ್ಕೆ ಧಾವಿಸಿದಳು. ನೋಡಿದರೆ ಸೊಸೆ ಕೋಣೆಯಲ್ಲಿ ಕೂತು ಅದರ ಬಟ್ಟೆಗಳನ್ನು ಮತ್ತೆ ಬೀರುವಿಗೆ ಜೋಡಿಸುತ್ತಿದ್ದಳು.

“ವಾರಕ್ಕೊಂದು ಸಲ ಹೀಗೇ ತಿಕ್ಕಬೇಕಂತೆ ಅತ್ತೆ.”

“ಗೊತ್ತು ಕಣಮ್ಮ. ನನಗೆ ಹೇಳಿಕೊಡ್ತಾಳೆ,” ಎಂದಳು ಬಣ್ಣದಮ್ಮ.

ಅಕ್ಕಂದಿರೇ, ತಂಗಿಯರೇ, ಕೈಯಲ್ಲಿ ಕೆಲಸ ಇದ್ದೇ ಇರುತ್ತದೆ, ನನಗೂ ಇದೆ. ಆದರೂ ಈ ಹಾಳೆ ಮಡಚಿಟ್ಟು ಒಮ್ಮೆ ಎದ್ದು ಹೋಗಿ, ನಿಮ್ಮ ನೀರಿನ ಡ್ರಮ್ಮಿನ ಒಳಗೋಡೆಯನ್ನು ಬೆರಳಿಂದ ಮುಟ್ಟಿ ನೋಡಿ. ಮಳೆ ಬರುವ ಮುಂಚೆ ತಿಕ್ಕಿ. ಮೊಟ್ಟೆಗಳಿಗೆ ಕಾಯುವ ತಾಳ್ಮೆ ಇದೆ. ನಮ್ಮ ಮಕ್ಕಳಿಗೆ ಬಂದ ಜ್ವರಕ್ಕೆ ಅದಿಲ್ಲ.