ಡ್ರ್ಯಾಗನ್ನಿನ ಗಾಯ

ತಮ್ಮನ ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಚೀಲದಿಂದ ಡ್ರ್ಯಾಗನ್ ಹೊರತೆಗೆದಾಗ, ಕಾರಿಗೆ ಬಣ್ಣ ಹೊಡೆಯುತ್ತಿದ್ದ ಅಣ್ಣ ನಾಚಿಕೆಯಿಂದ ನೆಲ ನೋಡಿದ. ಗೇಣುದ್ದದ ಸೀಸದ ಡ್ರ್ಯಾಗನ್ ಗೊಂಬೆ. ಹದಿನೈದು ವರ್ಷ, ಭಾನುವಾರ ಬಂತೆಂದರೆ ಅಣ್ಣತಮ್ಮಂದಿರು ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧವಾಡುತ್ತಿದ್ದರು. ಡ್ರ್ಯಾಗನ್ ತಮ್ಮನ ಸೇನೆಯದು. ಮೂರು ತಿಂಗಳು ಕೂತು ಅದರ ಒಂದೊಂದೇ ಹುರುಪೆಗೆ ಕೆಂಪು ಹಚ್ಚಿದ್ದ. ಎರಡು ವರ್ಷದ ಹಿಂದೆ ಒಂದು ದಾಳ ಮೇಜಿನ ಅಂಚಿಗೆ ಓರೆಯಾಗಿ ನಿಂತಿತು. ಐದೋ ಆರೋ ಎಂದು ಜಗಳ, ಅದೂ ಮೀಸೆ ನರೆತ ಗಂಡಸರಿಗೆ. ಅಣ್ಣ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು, ತಮ್ಮನದೇ ಕಪ್ಪು ಬಣ್ಣದ ಶೀಶೆಯನ್ನು ಡ್ರ್ಯಾಗನ್ನಿನ ಮೇಲೆ ಸುರಿದು ಅಂಗೈಯಿಂದ ಬಳಿದುಬಿಟ್ಟ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು.

ಈಗ ತಮ್ಮನ ಶ್ವಾಸಕೋಶ ಕೈಕೊಟ್ಟಿತ್ತು. ಇನ್ನು ಕೆಲವೇ ದಿನ ಎಂದಿದ್ದರು ಡಾಕ್ಟರು.

"ಮೇಲಿನ ಕಪ್ಪು ಮಾತ್ರ ತೆಗೆದು ಕೊಡಬೇಕಂತೆ," ಅಂದಳು ಅವಳು.

ಆ "ಮಾತ್ರ" ಅಣ್ಣನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಳೆ ಬಣ್ಣವನ್ನು ತಗಡಿನ ತನಕ ಕೀಳದೆ ಹೊಸದು ಹೊಡೆಯುವವನನ್ನು ಅವನು ಪೇಂಟರೆಂದೇ ಎಣಿಸುತ್ತಿರಲಿಲ್ಲ. ಸಾಯುವ ತಮ್ಮನಿಗೆ ಅರೆಬರೆ ಕೆಲಸ ಮಾಡಿಕೊಡುವುದುಂಟೆ? ಕೈಗವಸು ಹಾಕಿ, ಬಣ್ಣ ಕೀಳುವ ಸ್ಟ್ರಿಪ್ಪರ್ ಬಳಿದ. ಕಪ್ಪು ಸುಕ್ಕುಗಟ್ಟಿ ಎದ್ದಿತು, ಹಿಂದೆಯೇ ಕೆಂಪೂ ಎದ್ದಿತು. ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ಬಿಡದೆ ತಿಕ್ಕಿದ. ಬೂದು ಲೋಹ ಕಂಡಾಗ ಖುಷಿಯೂ ಆಯಿತು, ಪಾಪ. ಆಮೇಲೆ ತಳಕ್ಕೆ ಪ್ರೈಮರ್, ಮೂರು ಕೋಟು ಕೆಂಪು, ಮೇಲೆ ಹೊಳಪು. ಹೊಸ ಕಾರಿನ ಹಾಗೆ ಮಿಂಚಿತು.

ಆಸ್ಪತ್ರೆಯಲ್ಲಿ ತಮ್ಮ ಆಕ್ಸಿಜನ್ ಮಾಸ್ಕ್ ಸರಿಸಿ, ಡ್ರ್ಯಾಗನ್ನನ್ನು ಹೊಟ್ಟೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಏನನ್ನೋ ಹುಡುಕುತ್ತಿದ್ದ.

"ಗಾಯ ಎಲ್ಲೋಯ್ತು ಅಣ್ಣ?"

"ಯಾವ ಗಾಯ?"

ಅಣ್ಣ ಮೊಟ್ಟಮೊದಲು ಗೆದ್ದ ಆಟದಲ್ಲಿ ಅವನ ಭರ್ಜಿಯವನೊಬ್ಬ ಈ ಡ್ರ್ಯಾಗನ್ನನ್ನು ಕೊಂದಿದ್ದ. ಆ ಇರಿತದ ಗುರುತನ್ನು ತಮ್ಮ ಕೂದಲೆಳೆಯ ಕುಂಚದಲ್ಲಿ ಬಿಡಿಸಿದ್ದನಂತೆ. ಇಡೀ ಮೈಗೆ ಗಟ್ಟಿ ವಾರ್ನಿಷ್ ಕೊಟ್ಟಿದ್ದನಂತೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದ್ದರೆ ಕಪ್ಪಷ್ಟೇ ಹೋಗಿ ಕೆಳಗಿನದೆಲ್ಲ ಹಾಗೇ ಉಳಿಯುತ್ತಿತ್ತು. ಇದನ್ನೆಲ್ಲ ಅವನು ಬೈಯದೆ, ಉಸಿರಿಗೆ ನಿಂತು ನಿಂತು ಹೇಳಿದ. ಸಿಟ್ಟಿನಲ್ಲಿ ಹಾಳಾಗದೆ ಉಳಿದದ್ದನ್ನು ಅಣ್ಣ ಪ್ರೀತಿಯಿಂದ ಹಾಳುಮಾಡಿದ್ದ. ಗಾಯ ಮತ್ತೆ ಬಿಡಿಸಿಕೊಡುತ್ತೇನೆ ಎಂದ.

ಎಲ್ಲಿತ್ತು ನೆನಪಿದೆಯಾ ಎಂದು ತಮ್ಮ ಕೇಳಿದ. ನೆನಪಿರಲಿಲ್ಲ. ಆದರೂ ಅಂದಾಜಿನ ಮೇಲೆ ಎದೆ ತೋರಿಸಿದ.

ತಮ್ಮ ಆ ಬೆರಳನ್ನು ನೋಡಿದ, ಅಣ್ಣನ ಮುಖ ನೋಡಿದ.

"ಹ್ಞೂಂ, ಅಲ್ಲೇ," ಅಂದ. "ಅಲ್ಲೇ ಚುಚ್ಚಿದ್ದು ನೀನು."

ಗೀರು ಬಿದ್ದರೆ ತಿದ್ದಲೆಂದು ತಂದ ಕುಂಚ, ಬಣ್ಣ ಚೀಲದಲ್ಲಿದ್ದವು. ಅಣ್ಣ ಮಂಚದ ಪಕ್ಕದಲ್ಲೇ ಕೂತು ಬಿಡಿಸಿದ. ದಪ್ಪ ಕೈಗೆ ಸಣ್ಣ ಕುಂಚ ಪಳಗದೆ ಗಾಯ ಸೊಟ್ಟಗಾಯಿತು. ಚೆನ್ನಾಗಿದೆ ಅಂದ ತಮ್ಮ ಮೂರನೆಯ ದಿನ ತೀರಿಕೊಂಡ.

ವಾರ ಕಳೆದ ಮೇಲೆ ಅವನ ಹೆಂಡತಿ ಸೈನಿಕರ ಪೆಟ್ಟಿಗೆಯನ್ನೂ ಡ್ರ್ಯಾಗನ್ನನ್ನೂ ತಂದುಕೊಟ್ಟಳು. ಪೆಟ್ಟಿಗೆಯ ತಳದಲ್ಲಿ ಒಂದು ಫೋಟೊ: ಕಪ್ಪಾಗುವುದಕ್ಕೆ ಮುಂಚಿನ ಡ್ರ್ಯಾಗನ್, ರೆಕ್ಕೆ ಎತ್ತಿ ನಿಂತದ್ದು. ಗಾಯ ಎಡ ರೆಕ್ಕೆಯ ಕೆಳಗಿತ್ತು. ಎದೆಯ ಮೇಲೆ ಏನೂ ಇರಲಿಲ್ಲ.

ಅಣ್ಣ ಗ್ಯಾರೇಜಿನ ನೆಲದ ಮೇಲೆ ಕೂತು ಅತ್ತ. ಆಮೇಲೆ ಎದ್ದು, ಕೈಗೆ ಅಂಟಿದ ಅಭ್ಯಾಸ, ಸ್ಟ್ರಿಪ್ಪರ್ ಡಬ್ಬಿಯ ಮುಚ್ಚಳ ತೆಗೆದ. ತಪ್ಪಿದ್ದನ್ನು ಬುಡಸಮೇತ ಕಿತ್ತು ಮತ್ತೆ ಸರಿಯಾಗಿ ಮಾಡುವುದೇ ಅವನ ಕಸುಬು. ಡ್ರ್ಯಾಗನ್ನಿನ ಎದೆಯ ಸೊಟ್ಟ ಗಾಯದ ಮೇಲೆ ಬೆರಳಾಡಿಸಿದ. ಕೊನೆಗೆ ಮುಚ್ಚಳ ಹಾಕಿ ಬಿಗಿದ. ತಮ್ಮ "ಅಲ್ಲೇ" ಅಂದಿದ್ದ.